ಮುಟ್ಟಿನ ಬಟ್ಟೆ ಬಿಸಿಲಿಗೆ ಬಂದದ್ದು

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕಂಡರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮನೆಮನೆಗೆ ಹೋದಾಗ ಈ ವಿಷಯ ಹೆಂಗೆ ಶುರು ಮಾಡೋದು ಸಿಸ್ಟರ್?" ಈ ವಿಷಯ ಎಂದರೆ ಮುಟ್ಟು. ಕೇಳುವಾಗಲೂ ಆ ಪದ ಅವರ ಬಾಯಿಂದ ಹೊರಡುವುದಿಲ್ಲ. ನರ್ಸಿಂಗ್ ಓದಿ ಬಂದವರೂ 'ಡೇಟ್ ಆದಾಗ' ಎನ್ನುತ್ತಾರೆ. ನನಗೆ ನಗು ಬರುತ್ತದೆ. ಹೊಸದರಲ್ಲಿ ನಾನೂ 'ತಿಂಗಳದ್ದು' ಎಂದು ದನಿ ತಗ್ಗಿಸಿ ಹೇಳುತ್ತಿದ್ದವಳೇ.

ನನ್ನ ಹೆಸರು ವನಜಾಕ್ಷಿ. ಬಾಳೆಹೊನ್ನೂರು, ಕೊಪ್ಪ, ಕಿಗ್ಗ, ಕೊನೆಗೆ ನರಸಿಂಹರಾಜಪುರದ ಸೀಮೆಗಳಲ್ಲಿ ಉಪಕೇಂದ್ರದ ಆರೋಗ್ಯ ಸಹಾಯಕಿಯಾಗಿ ದುಡಿದೆ. ಹೆರಿಗೆ, ಮಕ್ಕಳ ಚುಚ್ಚುಮದ್ದು, ಕುಟುಂಬ ಯೋಜನೆ, ಜ್ವರದ ಸಮೀಕ್ಷೆ ಎಲ್ಲ ಮಾಡಿದ್ದೇನೆ. ಬಡ್ತಿ ಯಾವಾಗ ಬಂತು, ವರ್ಗಾವಣೆಗೆ ಎಷ್ಟು ಓಡಾಡಿದೆ ಎಂಬುದನ್ನು ಬರೆದರೆ ನನಗೇ ಆಕಳಿಕೆ ಬರುತ್ತದೆ. ಹೆಂಗಸರು ಮುಟ್ಟಿಗೆ ಬಳಸುವ ಬಟ್ಟೆ, ಆಮೇಲೆ ಬಂದ ಪ್ಯಾಡು, ಈಚೆಗೆ ಬಂದ ಬಟ್ಟಲಿನಂಥ ಕಪ್ಪು, ಇವುಗಳ ಹಿಂದೆ ನಾನು ತಿರುಗಿದ್ದನ್ನಷ್ಟೇ ಬರೆಯುತ್ತೇನೆ. ಇಲಾಖೆಯ ಮೀಟಿಂಗುಗಳಲ್ಲಿ ಎಲ್ಲರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಏಳುವ ಹೊತ್ತಿಗೆ ಬರುತ್ತಿದ್ದ ವಿಷಯ ಇದು. ನನಗೆ ಮಾತ್ರ ನನ್ನ ಕೆಲಸದಲ್ಲಿ ಅತಿ ಹೆಚ್ಚು ಹೆಮ್ಮೆ ಕೊಟ್ಟದ್ದು ಇದೇ.

ನನ್ನ ಮೊದಲ ಉಪಕೇಂದ್ರ ಬಾಳೆಹೊನ್ನೂರಿನಿಂದ ಸ್ವಲ್ಪ ಒಳಗೆ, ಕಾಫಿ ಎಸ್ಟೇಟುಗಳ ನಡುವೆ ಇತ್ತು. ಎಸ್ಟೇಟಿನ ಕೂಲಿಯವರು ಲೈನ್ ಮನೆಗಳಲ್ಲಿದ್ದರು. ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಎಲ್ಲರಿಗೂ ಸೇರಿ ಹಿಂದೊಂದು ಬಚ್ಚಲು. ಅಲ್ಲಿಂದ ಸುಶೀಲ ಎಂಬ ಹೆಂಗಸು ಒಂದು ದಿನ ಬಂದಳು. ಹಣ್ಣು ಕುಯ್ಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಂಥವಳು ಕಾಲಗಲಿಸಿಕೊಂಡು ನಡೆದು ಬಂದು, "ಎಂತದೋ ಹುಳ ಕಚ್ಚಿದೆ ಸಿಸ್ಟ್ರೇ, ಮುಲಾಮು ಕೊಡಿ" ಎಂದಳು. ನೋಡಿದರೆ ತೊಡೆಸಂದಿ ಕೆಂಪಗೆ ಹುಣ್ಣಾಗಿತ್ತು. ಮುಲಾಮು ಕೊಟ್ಟೆ, ವಾಸಿಯಾಯಿತು. ಮುಂದಿನ ತಿಂಗಳು ಅದೇ ಹುಣ್ಣು, ಅದೇ ಹುಳದ ಕಥೆ.

ನನ್ನ ಮೇಲಧಿಕಾರಿ ರೋಸಿ ಮೇಡಂ ಎಂದು. ಮಂಗಳೂರು ಕಡೆಯವರು, ಹಿರಿಯ ಆರೋಗ್ಯ ಸಹಾಯಕಿ. ತಪಾಸಣೆಗೆ ಬಂದರೆ ರಿಜಿಸ್ಟರಿಗಿಂತ ಮೊದಲು ಸ್ಟೆರಿಲೈಸರಿನ ಮುಚ್ಚಳ ತೆಗೆದು ನೋಡುವವರು. ನಾನು ಸುಶೀಲಳ ಹುಣ್ಣಿನ ಬಗ್ಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ. "ನೀನು ಮುಲಾಮು ಕೊಟ್ಟದ್ದು ಸರಿ ಮಾರಾಯ್ತಿ. ಅವಳ ಬಟ್ಟೆ ಎಲ್ಲಿ ಒಣಗ್ತದೆ, ನೋಡಿದ್ದೀಯಾ?"

ನೋಡಿರಲಿಲ್ಲ. ಇಬ್ಬರೂ ಲೈನಿಗೆ ಹೋದೆವು. ಸುಶೀಲ ಮೊದಲು ಮಾತೇ ಆಡಲಿಲ್ಲ. ರೋಸಿ ಮೇಡಂ ಬಚ್ಚಲ ಕಟ್ಟೆಯ ಮೇಲೆ ಕೂತು, ತಾವು ಹುಡುಗಿಯಾಗಿದ್ದಾಗ ಮನೆಯ ಹಿಂದಿನ ಬೈಹುಲ್ಲಿನಲ್ಲಿ ಬಟ್ಟೆ ಬಚ್ಚಿಟ್ಟು ಅದನ್ನು ದನ ಎಳೆದು ಅಂಗಳಕ್ಕೆ ತಂದ ಕಥೆ ಹೇಳಿದರು. ಸುಶೀಲ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಎದ್ದು ಹೋಗಿ, ಬಚ್ಚಲ ಮೂಲೆಯ ಕಟ್ಟಿಗೆ ರಾಶಿಯ ಸಂದಿಗೆ ಕೈ ಹಾಕಿ ಒಂದು ಬಟ್ಟೆಯ ಮಡಿಕೆ ಎಳೆದು ತೋರಿಸಿದಳು. ಹಳೆ ಸೀರೆಯ ತುಂಡು. ಒಗೆದಿದ್ದಳು, ಚೆನ್ನಾಗಿಯೇ ಒಗೆದಿದ್ದಳು. ಆದರೆ ತಣ್ಣಗಿತ್ತು, ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ಆ ಸಂದಿಯಲ್ಲಿ ಪಕ್ಕದ ಮನೆಗಳ ಹೆಂಗಸರ ಮಡಿಕೆಗಳೂ ಇದ್ದವು.

"ಹೊರಗೆ ಹಾಕಿದ್ರೆ ಗಂಡಸ್ರ ಕಣ್ಣಿಗೆ ಬೀಳುತ್ತೆ," ಅಂದಳು ಸುಶೀಲ. "ಮತ್ತೆ ಆ ಬಟ್ಟೆನ ಹಾವು ದಾಟಿದ್ರೆ ಮಕ್ಕಳಾಗಲ್ಲ ಅಂತಾರಲ್ಲ."

ಹಾವಿಗೂ ಮಕ್ಕಳಿಗೂ ಏನು ಸಂಬಂಧ ಎಂದು ವಿವರಿಸಲು ನಾನು ಬಾಯಿ ತೆರೆದೆ. ರೋಸಿ ಮೇಡಂ ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದರು.

"ಹಾವು ದಾಟಬಾರದು, ಅಲ್ವಾ? ಮತ್ತೆ ಕಟ್ಟಿಗೆ ಸಂದಿಯಲ್ಲಿ ಎಂತಕ್ಕೆ ಇಡ್ತೀರಿ? ಹಾವು ಇರುವುದೇ ಅಲ್ಲಿ. ಎತ್ತರಕ್ಕೆ ಹಗ್ಗ ಕಟ್ಟಿ, ಬಿಸಿಲಿಗೆ ಹಾಕಿ. ಹಾವು ಹೇಗೆ ದಾಟ್ತದೆ ನೋಡುವ."

ಸುತ್ತ ಸೇರಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬಿಕೆಯನ್ನು ಕಿತ್ತು ಹಾಕದೆ ಅದರೊಳಗಿಂದಲೇ ದಾರಿ ಮಾಡುವ ಈ ಬಗೆಯನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. ಕೊನೆಯವರೆಗೂ ನಾನು ಅದನ್ನೇ ಬಳಸಿದೆ.

ಇನ್ನು ಮರೆ ಬೇಕಿತ್ತು. ಮಳೆಗಾಲದಲ್ಲಿ ಮೇಲೊಂದು ಮಾಡೂ ಬೇಕಿತ್ತು. ಕಾಫಿ ನರ್ಸರಿಗೆ ಹೊದಿಸುವ ತಿಳಿ ಪ್ಲಾಸ್ಟಿಕ್ ಶೀಟು ಸಿಕ್ಕರೆ ಬೆಳಕೂ ಬರುತ್ತದೆ, ನೀರೂ ತಡೆಯುತ್ತದೆ ಎಂದು ಸುಶೀಲಳೇ ಯೋಚಿಸಿದಳು. ಎಸ್ಟೇಟಿನ ಹಾಜರಿ, ಸಾಮಾನು ನೋಡಿಕೊಳ್ಳುವ ರೈಟರ ಹತ್ತಿರ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಹೋದಳು. ನಾನೂ ಹಿಂದೆ ನಿಂತಿದ್ದೆ.

"ಶೀಟು ಎಂತಕ್ಕೆ?" ಅಂದರು ರೈಟರು.

"ಬಟ್ಟೆ ಒಣಗ್ಸಕ್ಕೆ."

"ಬಟ್ಟೆ ಮನೆ ಎದ್ರು ಒಣಗ್ಸಿ. ಅದಕ್ಕೆಂತ ಶೀಟು?"

"ಎದ್ರು ಒಣಗ್ಸೋ ಬಟ್ಟೆ ಅಲ್ಲ ರೈಟ್ರೇ. ಹುಣ್ಣಾಗಿ ನಾವೆಲ್ಲ ಮನೇಲಿ ಕೂತ್ರೆ ನಿಮ್ ಕಾಫಿ ಗಿಡದಲ್ಲೇ ಉದುರುತ್ತೆ. ಆಗ ಕೇಳಿ, ಎಂತಕ್ಕೆ ಅಂತ."

ರೈಟರ ಮುಖ ಕೆಂಪೇರಿತು. ಬೇರೇನೂ ಕೇಳದೆ ಗೋಡೌನಿನ ಬೀಗದ ಕೈ ತೆಗೆದರು. ಬಚ್ಚಲ ಹಿಂದೆ ಬಿದಿರಿನ ತಟ್ಟಿ ಎದ್ದಿತು, ಮೇಲೆ ಶೀಟು, ಒಳಗೆ ಎತ್ತರಕ್ಕೆ ಹಗ್ಗ. ಆ ಸಲದ ಕುಯ್ಲಿನಲ್ಲಿ ಸುಶೀಲ ಹುಣ್ಣಿಗೆಂದು ನನ್ನ ಹತ್ತಿರ ಬರಲಿಲ್ಲ. ಬಂದದ್ದು ಪಕ್ಕದ ಎಸ್ಟೇಟಿನ ಹೆಂಗಸರನ್ನು ಕರೆದುಕೊಂಡು. "ಇವ್ರಿಗೂ ಹೇಳಿ ಸಿಸ್ಟ್ರೇ, ಹಾವಿಂದು."

ಪ್ಯಾಡು ಆಗ ಪೇಟೆಯಲ್ಲಿ ಸಿಗುತ್ತಿತ್ತು, ಆದರೆ ಕೊಳ್ಳುವುದು ಕಳ್ಳ ಸಾಮಾನು ಕೊಂಡಂತೆ. ಮೆಡಿಕಲ್ ಶಾಪಿನ ಹುಡುಗ ಅದನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೊಂದು ಕಪ್ಪು ಕವರು ಹಾಕುತ್ತಿದ್ದ. ಅಂಗಡಿಯಲ್ಲಿ ಬೇರೆ ಗಂಡಸರಿದ್ದರೆ ಹೆಂಗಸರು ತಲೆನೋವಿನ ಮಾತ್ರೆ ಕೊಂಡು ವಾಪಸು ಬರುತ್ತಿದ್ದರು. ಬಾಳೆಹೊನ್ನೂರಿನ ಪೇಟೆಯಲ್ಲಿ ಬಳೆ, ರಿಬ್ಬನ್ನು, ಪೌಡರು ಮಾರುತ್ತಿದ್ದ ಜುಲೇಖಾ ನನಗೆ ಪರಿಚಯ. ಅವಳ ಎರಡನೆಯ ಹೆರಿಗೆ ಮಾಡಿಸಿದ್ದು ನಾನೇ. ಅವಳಂಗಡಿಗೆ ಹೆಂಗಸರ ಹೊರತು ಯಾರೂ ಬರುತ್ತಿರಲಿಲ್ಲ. ಇಲ್ಲೇ ಯಾಕೆ ಇಡಬಾರದು ಎಂದು ಕೇಳಿದೆ.

"ನಮ್ ಮಾವ ಏನಂತಾರೋ ಸಿಸ್ಟರ್," ಎಂದಳು. ಮಾರನೆಯ ವಾರ ಹೋದಾಗ ಬಳೆಯ ಪೆಟ್ಟಿಗೆಗಳ ಪಕ್ಕ ಪ್ಯಾಡಿನ ಕಟ್ಟುಗಳು ಕೂತಿದ್ದವು. ಮಾವನಿಗೆ ಏನು ಹೇಳಿದೆ ಎಂದು ಕೇಳಿದರೆ, "ಬಳೆ ತೊಡೋರಿಗೆ ಬೇಕಾದ್ದು ಅಂದೆ. ಅವ್ರು ಹೂಂ ಅಂದ್ರು. ನೋಡಕ್ಕೂ ಬರ್ಲಿಲ್ಲ" ಎಂದು ಕಣ್ಣು ಮಿಟುಕಿಸಿದಳು. ಅವಳ ಮಾತಿಗೆ ಒಂದು ಚುರುಕಿತ್ತು. ಹಿಂದೂ ಹೆಂಗಸರು 'ಹೊರಗೆ ಕೂತಿದ್ದೀವಿ' ಎಂದು ಬೇಸರಪಟ್ಟುಕೊಂಡರೆ ಜುಲೇಖಾ ಹೇಳುತ್ತಿದ್ದಳು: "ನಮ್ಗೆ ಆವಾಗ ನಮಾಜಿಗೆ ರಜೆ, ರೋಜಾಕ್ಕೂ ರಜೆ. ಒಲೆಗೆ ಮಾತ್ರ ರಜೆ ಇಲ್ಲ ನೋಡಿ. ಅದನ್ಯಾರೂ ಯೋಚ್ನೆ ಮಾಡ್ಲೇ ಇಲ್ಲ."

ಸರ್ಕಾರದ ಪ್ಯಾಡುಗಳು ಶಾಲೆ, ಹಾಸ್ಟೆಲುಗಳಿಗೆ ಬರತೊಡಗಿದಾಗ ನಾನು ಕೊಪ್ಪದ ಕಡೆ ಇದ್ದೆ. ರಟ್ಟಿನ ಪೆಟ್ಟಿಗೆಗಳು ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಂಚಿದ್ದೂ ಹಂಚಿದ್ದೇ. ಬಳಸಿದ ಮೇಲೆ ಎಲ್ಲಿ ಹಾಕಬೇಕು ಎಂಬುದನ್ನು ಮೇಲಿನವರೂ ಯೋಚಿಸಿರಲಿಲ್ಲ, ಕೆಳಗಿನವರಾದ ನಾವೂ ಯೋಚಿಸಿರಲಿಲ್ಲ.

ಒಂದು ಹುಡುಗಿಯರ ಹಾಸ್ಟೆಲಿನಿಂದ ಕರೆ ಬಂತು. ಅನೇಕ ಮಕ್ಕಳಿಗೆ ಉರಿಮೂತ್ರ, ಇಬ್ಬರಿಗೆ ಜ್ವರ. ಕುಡಿಯುವ ನೀರು ಕೆಟ್ಟಿದೆ ಎಂದು ಎಲ್ಲರ ಅನುಮಾನ. ನೀರಿನ ಮಾದರಿ ಪರೀಕ್ಷೆಗೆ ಹೋಯಿತು, ನೀರು ಸರಿಯಾಗಿಯೇ ಇತ್ತು. ವಾರ್ಡನ್ ಕಂಗಾಲಾಗಿದ್ದರು. ಕೆಟ್ಟವರಲ್ಲ, ಹೊಸಬರು, ಏನು ಹೆಚ್ಚುಕಡಿಮೆಯಾದರೂ ತಮ್ಮ ತಲೆಗೇ ಬರುತ್ತದೆ ಎಂಬ ಹೆದರಿಕೆ ಇದ್ದವರು. ಅವರನ್ನು ಆಫೀಸಿನಲ್ಲೇ ಕೂರಲು ಹೇಳಿ ನಾನು ಹುಡುಗಿಯರ ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತೆ. ಸುಮಾರು ಹೊತ್ತು ಸಿನಿಮಾ, ಪರೀಕ್ಷೆ, ಊಟದ ಸಾರು ಎಂದೆಲ್ಲ ಮಾತಾಡಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಯಿ ಬಿಟ್ಟಳು.

"ಸಿಸ್ಟರ್, ನಾವು ನೀರೇ ಕುಡಿಯಲ್ಲ."

"ಎಂತಕ್ಕೆ?"

"ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಲ್ಲ."

ನಿಧಾನವಾಗಿ ಎಲ್ಲ ಹೊರಗೆ ಬಂತು. ಪ್ಯಾಡು ಹಾಕಲು ಜಾಗವಿಲ್ಲದೆ ಹುಡುಗಿಯರು ಅದನ್ನು ಟಾಯ್ಲೆಟ್ಟಿಗೇ ಹಾಕಿದ್ದರು. ಪೈಪು ಕಟ್ಟಿತು. ರಿಪೇರಿಗೆ ಬಂದವರು ಅಂಗಳದ ತುಂಬ ಎಳೆದು ಹಾಕಿದರು. ಹುಡುಗಿಯರಿಗೆ ತಲೆ ಎತ್ತಲಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಮನೆಗೆ ಕಳಿಸುತ್ತೇನೆ ಎಂದು ವಾರ್ಡನ್ ಕೂಗಾಡಿ, ಅರ್ಧದಷ್ಟು ಟಾಯ್ಲೆಟ್ಟುಗಳಿಗೆ ಬೀಗ ಹಾಕಿಸಿದ್ದರು. ಆವತ್ತಿನಿಂದ ಮಕ್ಕಳು ಬೆಳಿಗ್ಗೆ ಇಟ್ಟ ಪ್ಯಾಡನ್ನು ಸಂಜೆಯವರೆಗೂ ಬದಲಿಸುತ್ತಿರಲಿಲ್ಲ. ಬದಲಿಸಿದ್ದನ್ನು ಟ್ರಂಕಿನೊಳಗೆ ಬಟ್ಟೆಯ ಕೆಳಗೆ ಬಚ್ಚಿಡುತ್ತಿದ್ದರು, ಊರಿಗೆ ಹೋಗುವಾಗ ದಾರಿಯಲ್ಲಿ ಎಸೆಯಲು. ಆ ಹುಡುಗಿ ತನ್ನ ಟ್ರಂಕು ತೆರೆದು ತೋರಿಸಿದಳು.

ವಾರ್ಡನ್ನನ್ನು ಕರೆದು ಟ್ರಂಕು ತೋರಿಸಿದೆ. ಅವರು ತಾವೇ ಹೋಗಿ ಬೀಗಗಳನ್ನು ತೆಗೆದರು. ಸಂಜೆಯೊಳಗೆ ಪ್ರತಿ ಟಾಯ್ಲೆಟ್ಟಿನಲ್ಲಿ ಮುಚ್ಚಳದ ಬಕೆಟ್ಟು, ಹಳೆ ಪೇಪರು ಬಂದವು. ಉರಿಮೂತ್ರದ ಮಕ್ಕಳಿಗೆ ಡಾಕ್ಟರು ಔಷಧಿ ಕೊಟ್ಟರು. ಎಲ್ಲರೆದುರು ವಾರ್ಡನ್ ದೊಡ್ಡ ತಂಬಿಗೆಯಲ್ಲಿ ನೀರು ತಂದು, "ಕುಡೀರಿ, ಯಾರೂ ಬೈಯಲ್ಲ" ಎಂದರು.

ಬಕೆಟ್ಟಿನದನ್ನು ಏನು ಮಾಡುವುದು? ಕೊಪ್ಪದ ಕಸದ ಗಾಡಿ ಅಷ್ಟು ದೂರ ಬರುತ್ತಿರಲಿಲ್ಲ. ಸುಡುವ ಮಿಷನ್ನು ಮಂಜೂರಾಗಿ ಬಂತು. ಅದನ್ನು ತಂದವರು ಪ್ಲಗ್ ಪಾಯಿಂಟ್ ಇದ್ದ ಜಾಗ ಹುಡುಕಿ ಊಟದ ಹಾಲಿನ ಪಕ್ಕದಲ್ಲೇ ಕೂರಿಸಿ ಹೋದರು. ಮೊದಲ ದಿನ ಅದು ಉಗುಳಿದ ಹೊಗೆಗೆ ಮಕ್ಕಳು ತಟ್ಟೆ ಬಿಟ್ಟು ಓಡಿದರು. ಮಿಷನ್ನು ಹಿತ್ತಲಿಗೆ ಹೋಯಿತು. ಅಲ್ಲಿ ಅದಕ್ಕೊಂದು ಎತ್ತರದ ಹೊಗೆಕೊಳವೆ ಹಾಕಿಸಿದೆವು. ಆಗ ಅಡಿಗೆಯ ಕಮಲಮ್ಮ ಅಡ್ಡ ನಿಂತರು. ಹೆಣ್ಣುಮಕ್ಕಳದ್ದು ಸುಟ್ಟರೆ ಗರ್ಭಕೋಶ ಒಣಗುತ್ತದೆ ಎಂಬುದು ಅವರ ಭಯ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಹೆದರಿದ್ದರು.

"ಕಮಲಮ್ಮ, ಮೊದ್ಲು ನಂದು ಸುಡಿ," ಎಂದೆ. "ನಂಗೆ ಎರಡು ಮಕ್ಕಳಿದಾವೆ, ಸಾಕು. ಒಣಗಿದ್ರೆ ಆಪರೇಷನ್ ಖರ್ಚು ಉಳೀತು."

ಹುಡುಗಿಯರು ಉರುಳಾಡಿ ನಕ್ಕರು. ಕಮಲಮ್ಮನೂ ನಕ್ಕರು. ಸುಟ್ಟದ್ದೂ ಆಯಿತು, ನನಗೆ ತಿಂಗಳು ತಿಂಗಳು ಮುಟ್ಟು ತಪ್ಪದೆ ಬಂದದ್ದನ್ನು ಹೋಗಿ ಹೋಗಿ ಅವರಿಗೆ ವರದಿ ಮಾಡಿದ್ದೂ ಆಯಿತು. ನಾನು ವರ್ಗವಾಗುವ ಹೊತ್ತಿಗೆ ಹೊಸ ಮಕ್ಕಳಿಗೆ ಬಕೆಟ್ಟು, ಪೇಪರು, ಮಿಷನ್ನು ಎಲ್ಲ ತೋರಿಸಿಕೊಡುವವರು ಕಮಲಮ್ಮನೇ ಆಗಿದ್ದರು.

ಮುಂದೆ ನಾನು ಕಿಗ್ಗದ ಕಡೆ ಬಂದೆ. ಸಿರಿಮನೆಯ ಆಸುಪಾಸು ಮನೆ ಮನೆಗೂ ನಡುವೆ ಗದ್ದೆ, ಹಳ್ಳ, ಏರು. ಪ್ಯಾಡು ಹೊತ್ತು ಹಂಚುವುದೂ ಕಷ್ಟ, ಬಳಸಿದ್ದನ್ನು ಹಳ್ಳಕ್ಕೆ ಎಸೆಯದಂತೆ ನೋಡುವುದು ಇನ್ನೂ ಕಷ್ಟ. ಅಲ್ಲಿಗೆ ಒಂದು ಸ್ವಯಂಸೇವಾ ಸಂಸ್ಥೆಯವರು ಮುಟ್ಟಿನ ಕಪ್ಪು ತಂದರು. ಮೆತ್ತಗಿನ ಸಿಲಿಕಾನಿನ ಪುಟ್ಟ ಬಟ್ಟಲು, ತಳದಲ್ಲೊಂದು ತೊಟ್ಟು. ಒಳಗಿಟ್ಟುಕೊಂಡರೆ ಅದರಲ್ಲೇ ತುಂಬುತ್ತದೆ, ಚೆಲ್ಲಿ ತೊಳೆದು ಮತ್ತೆ ಇಟ್ಟುಕೊಳ್ಳುವುದು. ಒಂದನ್ನು ವರ್ಷಗಟ್ಟಲೆ ಬಳಸಬಹುದು. ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿದಾಗ ನಾಗರತ್ನ ಎಂಬ ಆಶಾ ಅದನ್ನು ತಲೆಕೆಳಗೆ ಹಿಡಿದು ಕೇಳಿದಳು, "ಇದೆಂತದು ಮಾರಾಯ್ರೆ, ಉಪ್ಪಿನಕಾಯಿ ಹಾಕ್ಕೊಳ್ಳದಾ?"

ಹಳ್ಳಿ ಹೆಂಗಸರು ಇದನ್ನು ಮುಟ್ಟುವುದೂ ಇಲ್ಲ ಎಂದು ನನ್ನ ಮೇಲಿನವರೊಬ್ಬರು ಹೇಳಿದರು. ನಾನು ವಾದಿಸಲು ಹೋಗದೆ ಒಂದನ್ನು ಮನೆಗೆ ತಂದೆ. ನನ್ನ ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಿತ್ತು. ರಕ್ತಸ್ರಾವ ಜಾಸ್ತಿಯಾಗಿ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಹೆದರುತ್ತಿದ್ದ ದಿನಗಳು. ಮೊದಲ ಸಲ ಬೆವರಿದೆ, ಬೈದುಕೊಂಡೆ, ತೆಗೆದು ಬಿಸಾಡಿದೆ. ಮತ್ತೆ ಪ್ರಯತ್ನಿಸಿದೆ. ಕೈಗೆ ರೂಢಿಯಾದ ಮೇಲೆ ಶೃಂಗೇರಿಯಿಂದ ಕೊಪ್ಪದವರೆಗೆ ಬಸ್ಸಿನಲ್ಲಿ ಆರಾಮಾಗಿ ಕೂತು ಹೋದೆ. ಆ ಪ್ರಯಾಣವನ್ನು ಮರೆಯಲಾರೆ.

ನನ್ನ ಅನುಭವ ಕೇಳಿ ನಾಗರತ್ನ ತಾನೂ ನೋಡುತ್ತೇನೆಂದಳು. ಒಂದು ಬೆಳಿಗ್ಗೆ ನಾನು, ನಮ್ಮ ಯಜಮಾನರು ಕಾಫಿ ಕುಡಿಯುತ್ತಿದ್ದಾಗ ಅವಳ ಫೋನು.

"ಸಿಸ್ಟ್ರೇ, ಬರ್ತಾ ಇಲ್ಲ! ಒಳಗೆಲ್ಲೋ ಹೋಗ್ಬಿಟ್ಟಿದೆ!"

"ಎಲ್ಲೂ ಹೋಗಲ್ಲ ಮಾರಾಯ್ತಿ. ಅಲ್ಲಿಂದ ಮುಂದೆ ದಾರಿ ಇಲ್ಲ. ಮೊದ್ಲು ಅಳೋದು ನಿಲ್ಸು. ಕುಕ್ಕರಗಾಲಲ್ಲಿ ಕೂತ್ಕೊ."

"ಕೂತಿದೀನಿ."

"ಹೆರಿಗೆಲಿ ಮುಕ್ಕಿದಂಗೆ ಮೆಲ್ಲಗೆ ಮುಕ್ಕು. ಸಿಕ್ತಾ? ತೊಟ್ಟು ಹಿಡಿದು ಎಳೀಬೇಡ. ತಳಾನ ಎರಡು ಬೆರಳಲ್ಲಿ ಹಿಂಡು, ಗಾಳಿ ಬಿಡುತ್ತೆ."

ನಮ್ಮ ಯಜಮಾನರು ಲೋಟ ಎತ್ತಿಕೊಂಡು ಅಂಗಳಕ್ಕೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ಕಿರುಚಾಟ, "ಬಂತು ಸಿಸ್ಟ್ರೇ, ಬಂತು!" ಅದರ ಹಿಂದೆಯೇ ನಗು. ಮುಂದಿನ ಸಭೆಯಲ್ಲಿ ನಾಗರತ್ನ ಈ ಕಥೆಯನ್ನು ಅಳು ಸಮೇತ ಅಭಿನಯಿಸಿ ತೋರಿಸಿದಳು. ನನ್ನ ಚಾರ್ಟು, ವಿಡಿಯೋಗಳಿಂದ ಆಗದ್ದು ಅದರಿಂದ ಆಯಿತು. ಹೆಂಗಸರು ಒಬ್ಬೊಬ್ಬರಾಗಿ ಕೇಳಿಕೊಂಡು ಬಂದರು. ಕಪ್ಪನ್ನು ಶುಚಿಗಾಗಿ ನೀರಿನಲ್ಲಿ ಕುದಿಸಲು ಅಡಿಗೆ ಪಾತ್ರೆ ಕೊಡುವುದಿಲ್ಲ ಎಂದು ಅತ್ತೆಯಂದಿರು ಹಠ ಹಿಡಿದಾಗ, ಅದಕ್ಕೇ ಬೇರೆ ಪುಟ್ಟ ಪಾತ್ರೆ ಇಡುವುದನ್ನು ನಾಗರತ್ನಳೇ ರೂಢಿ ಮಾಡಿಸಿದಳು. ಬೇಡ ಎಂದವರಿಗೆ ನಾವು ಒತ್ತಾಯ ಮಾಡಲಿಲ್ಲ. ಹೊಸಬರಿಗೆ ನಾನು ಹೇಳುವುದೂ ಇದೇ: ಬಟ್ಟೆಯೋ ಪ್ಯಾಡೋ ಕಪ್ಪೋ, ಆ ಹೆಂಗಸಿನ ಮನೆಯಲ್ಲಿ, ಅವಳಿಗಿರುವ ನೀರಿನಲ್ಲಿ, ಅವಳಿಗೆ ಶುಚಿಯಾಗಿ ಇಟ್ಟುಕೊಳ್ಳಲು ಆಗುವುದು ಯಾವುದು ಎಂದು ಅವಳನ್ನೇ ಕೇಳಿ.

ಕೊನೆಯ ವರ್ಷಗಳು ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ಹತ್ತಿರದ ಊರುಗಳಲ್ಲಿ ಕಳೆದವು. ಗೌರಮ್ಮ ಸಿಕ್ಕಿದ್ದು ಅಲ್ಲಿ. ಒಳ್ಳೆಯ ಗದ್ದೆ ಇದ್ದ ಮನೆ, ಊರಿನ ಮಹಿಳಾ ಸಂಘಕ್ಕೆ ಅವರೇ ಅಧ್ಯಕ್ಷೆ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ತೊಟ್ಟು ನೀರು ಬಾಯಿಗೆ ಹಾಕುವವರಲ್ಲ. ಅವರ ಸೊಸೆ ಶೈಲಜಾ ಬಿ.ಎಡ್ ಓದಿದವಳು. ಮುಟ್ಟಾದಾಗ ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂರುತ್ತಿದ್ದಳು; ಬೇರೆ ತಟ್ಟೆ, ಬೇರೆ ಚಾಪೆ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಿಮ್ಮ ಹಿರಿಯರೇ ಹೇಳುತ್ತಾರಲ್ಲ ಎಂದು ನಾನೊಮ್ಮೆ ಗೌರಮ್ಮನನ್ನು ಕೇಳಿದ್ದೆ. "ಹೇಳ್ತಾರೆ. ಆದ್ರೆ ಸುತ್ತಮುತ್ತ ಎಲ್ರೂ ಕೂರ್ಸ್ತಾರೆ. ನಾವು ಬಿಟ್ರೆ ಏನಂದ್ಕೊಳ್ಳಲ್ಲ?" ಎಂದು ಮಾತು ಮುಗಿಸಿದ್ದರು.

ಅಂಥ ಗೌರಮ್ಮ ಒಂದು ದಿನ ನನ್ನನ್ನು ಬದಿಗೆ ಕರೆದು ಪ್ಯಾಡು ಕೇಳಿದರು. "ಸೊಸೆಗೆ." ಕೊಟ್ಟೆ. ಕೆಲವೇ ದಿನಗಳಲ್ಲಿ ಮತ್ತೆ ಕೇಳಿದರು. ಆಮೇಲೆ ಮತ್ತೆ. ಮೂರನೆಯ ಸಲ ಕೇಳಿದ ದಿನವೇ ಶೈಲಜಾ ಹಿತ್ತಲ ಕೋಣೆಯ ಎದುರು ಕೂತು ಏನೋ ಹೊಲಿಯುತ್ತಿದ್ದಳು. ಹತ್ತಿರ ಹೋದೆ. ಹತ್ತಿ ಬಟ್ಟೆಯ ಪ್ಯಾಡುಗಳು, ಗುಂಡಿ ಇಟ್ಟು ಅಚ್ಚುಕಟ್ಟಾಗಿ ಹೊಲಿದದ್ದು.

"ಅತ್ತೆ ಕೈಲಿ ಕೊಟ್ಟು ಕಳಿಸಿದ ಪ್ಯಾಡು ಆಗಲಿಲ್ವಾ?" ಎಂದೆ.

"ಯಾವ ಪ್ಯಾಡು ಸಿಸ್ಟರ್? ನಂಗದು ಉರಿ ಆಗುತ್ತೆ. ಸುಮಾರು ವರ್ಷದಿಂದ ನಾನು ಇದನ್ನೇ ಹೊಲ್ಕೊಳ್ಳೋದು."

ಗೌರಮ್ಮನ ವಯಸ್ಸು ಅರವತ್ತು ದಾಟಿತ್ತು. ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವು.

ಅವರು ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಕಲ್ಲು ಹೆಕ್ಕತೊಡಗಿದೆ.

"ಗೌರಮ್ಮನೋರೇ, ಪ್ಯಾಡು ಯಾರಿಗೆ?"

"ಸೊಸೆಗೆ ಅಂದ್ನಲ್ಲ."

"ಶೈಲಜಾಗೆ ಬೇಡ್ವಂತೆ."

ಅವರ ಕೈ ಅಕ್ಕಿಯ ಮೇಲೆ ನಿಂತಿತು.

"ದೀಪಾವಳಿ ಆದ್ಮೇಲೆ ಶುರುವಾಯ್ತು. ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ. ಈ ವಯಸ್ಸಲ್ಲಿ ಮತ್ತೆ ಮುಟ್ಟಾದೆ ಅಂತ ಯಾವ ಬಾಯಲ್ಲಿ ಹೇಳ್ಲಿ ಸಿಸ್ಟ್ರೇ? ಪೂಜೆ ನಾನೇ ಮಾಡ್ತಾ ಇದೀನಿ. ನಾನು ಒಳಗೆ ಓಡಾಡ್ಕೊಂಡು ಆ ಹುಡುಗೀನ ಹೊರಗೆ ಕೂರ್ಸಿದೀನಿ. ಗೊತ್ತಾದ್ರೆ ನನ್ ಮುಖಕ್ಕೆ ಉಗೀತಾಳೆ."

"ಇದು ಮುಟ್ಟಲ್ಲ ಗೌರಮ್ಮನೋರೇ. ನಿಂತು ವರ್ಷಗಟ್ಟಲೆ ಆದ್ಮೇಲೆ ಒಂದು ಹನಿ ರಕ್ತ ಕಂಡ್ರೂ ಡಾಕ್ಟ್ರಿಗೆ ತೋರಿಸ್ಬೇಕು. ಏನೂ ಇಲ್ದೇನೂ ಇರ್ಬಹುದು. ದೊಡ್ಡ ಕಾಯಿಲೆನೂ ಆಗಿರ್ಬಹುದು."

"ಶಿವರಾತ್ರಿ ಕಳೀಲಿ."

"ಶಿವರಾತ್ರಿ ಪ್ರತಿ ವರ್ಷ ಬರುತ್ತೆ. ನಾನು ಶೈಲಜಾಗೆ ಹೇಳಲ್ಲ, ಅದು ನಿಮ್ ವಿಷಯ. ಆದ್ರೆ ಆಸ್ಪತ್ರೇಲಿ ಜೊತೆಗೆ ಇರೋರು ಬೇಕು. ನೀವೇ ಹೇಳಿ."

ಗೌರಮ್ಮ ಮೊರ ಕೆಳಗಿಟ್ಟರು. ಸೊಸೆಯನ್ನು ಕೂಗಲು ಬಾಯಿ ತೆರೆದು, ಅವಳು ಒಳಗೆ ಬರುವಂತಿಲ್ಲ ಎಂಬುದು ನೆನಪಾಗಿ ಸುಮ್ಮನಾದರು. ಮೆಲ್ಲಗೆ ಎದ್ದು ತಾವೇ ಹಿತ್ತಲಿಗೆ ನಡೆದರು. ಬಾಗಿಲಿನಿಂದ ನೋಡುತ್ತಿದ್ದೆ. ಅವರು ಆ ಕೋಣೆಯೊಳಗೆ ಹೋಗಿ, ಶೈಲಜಾಳ ಚಾಪೆಯ ಮೇಲೆ, ಅವಳಿಗೆ ತಾಗಿ ಕೂತರು. ಶೈಲಜಾ ಗಾಬರಿಯಾಗಿ ಸರಿಯಲು ಹೋದಳು. ಗೌರಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಗೌರಮ್ಮನ ಭುಜ ಅಲುಗುವುದು ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಶೈಲಜಾ ಅವರನ್ನು ಹಿಡಿದುಕೊಂಡೇ ಹೊರಗೆ ಬಂದಳು.

"ಸಿಸ್ಟರ್, ನಾಳೆ ಬೆಳಿಗ್ಗೆ ಬಸ್ಸಿಗೇ ಹೋಗೋಣ. ನಾನೂ ಬರ್ತೀನಿ."

"ನೀನೆಂಗೆ ಬರ್ತೀಯ, ನಿಂದಿನ್ನೂ ಮುಗಿದಿಲ್ವಲ್ಲ," ಅಂದರು ಗೌರಮ್ಮ, ಕಣ್ಣೊರೆಸಿಕೊಳ್ಳುತ್ತಲೇ.

"ಬಸ್ಸಲ್ಲಿ ಯಾರೂ ಕೇಳಲ್ಲ ಅತ್ತೆ."

ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಅಂದೇ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಅಲ್ಲಿ ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದು ಬಂತು. ಆದರೆ ಇನ್ನೂ ಗರ್ಭಕೋಶ ಬಿಟ್ಟು ಆಚೆ ಹೋಗಿರಲಿಲ್ಲ. ಆಪರೇಷನ್ನು ಆಯಿತು. ಅಷ್ಟೂ ದಿನ ಆಸ್ಪತ್ರೆಯಲ್ಲಿ ಅತ್ತೆಯ ಬಟ್ಟೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿದವಳು ಶೈಲಜಾ. ನಾನು ನೋಡಲು ಹೋದಾಗ ಸರ್ಜನ್ನರು, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು, ಸಮಯಕ್ಕೆ ಕರೆತಂದಿರಿ ಎಂದರು. ಆ ಮಾತಿಗೆ ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅತ್ತದ್ದು ನಿಜ. ಅದು ಹೆಮ್ಮೆಯ ಅಳು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಚೇತರಿಸಿಕೊಂಡ ಮೇಲೆ ಗೌರಮ್ಮ ಸಂಘದ ಸಭೆ ಕರೆದರು. ಎಂದಿನ ವ್ಯವಹಾರ ಮುಗಿದ ಮೇಲೆ ಎದ್ದು ನಿಂತರು. ಅವರನ್ನು ಕರೆದೊಯ್ಯಲು ಬಂದಿದ್ದ ಮಗ ಬಾಗಿಲ ಹತ್ತಿರವೇ ಕೂತಿದ್ದರು. ಅವರನ್ನು ನೋಡಿಯೂ ಗೌರಮ್ಮ ದನಿ ತಗ್ಗಿಸಲಿಲ್ಲ.

"ನಂಗೆ ಮುಟ್ಟು ನಿಂತಮೇಲೆ ಮತ್ತೆ ರಕ್ತ ಹೋಯ್ತು. ನಾಚ್ಕೆ ಅಂತ ಮುಚ್ಚಿಟ್ಟೆ. ಇನ್ನೊಂದು ಸ್ವಲ್ಪ ದಿನ ಮುಚ್ಚಿಟ್ಟಿದ್ರೆ ನೀವೆಲ್ಲ ಇಷ್ಟೊತ್ತಿಗೆ ನನ್ ಹೆಸರಲ್ಲಿ ಊಟ ಮಾಡಿ ಎದ್ದಿರ್ತಿದ್ರಿ. ಯಾರಿಗಾದ್ರೂ ಹಂಗೆ ಆದ್ರೆ ಸಿಸ್ಟ್ರಿಗೆ ಹೇಳಿ. ಸಿಸ್ಟ್ರು ಸಿಗದಿದ್ರೆ ನಂಗೆ ಹೇಳಿ, ನಾನೇ ಬಸ್ ಹತ್ತಿಸ್ತೀನಿ."

ಸಭೆ ಮುಗಿದ ಮೇಲೆ ಮೂವರು ಹೆಂಗಸರು ಬೇರೆ ಬೇರೆಯಾಗಿ ಬಂದು ನನ್ನ ಕಿವಿಯಲ್ಲಿ ತಮ್ಮ ತಮ್ಮ ತೊಂದರೆ ಹೇಳಿಕೊಂಡರು. ಒಬ್ಬರಿಗೂ ಗೌರಮ್ಮನಷ್ಟು ದೊಡ್ಡ ಕಾಯಿಲೆ ಇರಲಿಲ್ಲ, ದೇವರ ದಯೆ. ಆದರೆ ಎಲ್ಲರಿಗೂ ಚಿಕಿತ್ಸೆ ಬೇಕಿತ್ತು, ಸಿಕ್ಕಿತು.

ನಿವೃತ್ತಿಗೆ ಮುಂಚೆ ಒಂದು ಮಧ್ಯಾಹ್ನ ಗೌರಮ್ಮನ ಮನೆಗೆ ಹೋಗಿದ್ದೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಶೈಲಜಾ ಹಿತ್ತಲ ಬಾಗಿಲ ಆಚೆ ನಿಂತೇ ನನ್ನನ್ನು ಮಾತಾಡಿಸಿದಳು. ಮುಟ್ಟಾಗಿದ್ದಾಳೆ ಎಂದು ಅರ್ಥವಾಯಿತು.

ಗೌರಮ್ಮ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಒಲೆಯ ಕಡೆ ನೋಡಿದರು.

"ಅಲ್ಲೇ ಎಂತಕ್ಕೆ ನಿಂತಿದೀಯ ಮಾರಾಯ್ತಿ? ಸಿಸ್ಟ್ರು ಬಿಸಿಲಲ್ಲಿ ಬಂದಿದಾರೆ. ನಂಗೆ ಬಗ್ಗಕ್ಕಾಗಲ್ಲ. ಕಾಫಿ ಮಾಡೋರು ಯಾರು?"

ಶೈಲಜಾ ಹೊಸ್ತಿಲಲ್ಲಿ ಒಂದು ಗಳಿಗೆ ತಡೆದಳು.

"ಬಾ ಅಂದೆ. ಸಕ್ಕರೆ ಡಬ್ಬಿ ಮೇಲಿನ ಗೂಡಲ್ಲಿದೆ."

ಅವಳು ಒಳಗೆ ಬಂದು ಒಲೆ ಹಚ್ಚಿದಳು. ಗಡಿಬಿಡಿಯಲ್ಲಿ ಸಕ್ಕರೆ ತುಸು ಹೆಚ್ಚೇ ಬಿದ್ದಿತ್ತು. ಗೌರಮ್ಮ ಒಂದು ಗುಟುಕು ಕುಡಿದು, "ಚೆನ್ನಾಗಿದೆ" ಎಂದರು. ನಾನು ಎರಡನೆಯ ಲೋಟ ಕೇಳಿ ಹಾಕಿಸಿಕೊಂಡೆ.